ಎದೆಗೆ ಬಂದ ಚೆಂಡು

ಸನ್ನತಿಯ ಅಂಬರಾಯ ಸುಳ್ಳು ಹೇಳುವವನಲ್ಲ ಎಂಬುದು ಕಾರ್ಖಾನೆಯ ಕಾಲೊನಿಯಲ್ಲಿ ಎಲ್ಲರೂ ಒಪ್ಪಿದ ಮಾತಾಗಿತ್ತು. ನಿಜ ಹೇಳಬೇಕೆಂದರೆ, ಸುಳ್ಳು ಹೇಳಿ ಉಳಿಸಿಕೊಳ್ಳುವಂಥದ್ದೇನೂ ಅವನ ಹತ್ತಿರ ಇರಲಿಲ್ಲ. ಇಲ್ಲದವನ ಸತ್ಯವಂತಿಕೆಯನ್ನು ಹೊಗಳುವುದು ಸುಲಭ ನೋಡಿ. ಮುಂದೆ ಅವನಿಗೂ ಒಂದು ಕುರ್ಚಿ ಸಿಕ್ಕಿತು.

ಹೊಳೆದಂಡೆಯ ಮನೆತನ ಅವನದು. ಅಪ್ಪ ಭೀಮಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಮಗನೂ ಹುಟ್ಟು ಹಾಕುತ್ತಲೇ ಬೆಳೆದು ಆರಡಿ ಆಳಾದ. ವಾಡಿಯ ಆಚೆ ಒಂದು ಸಿಮೆಂಟ್ ಕಾರ್ಖಾನೆ ಎದ್ದಾಗ (ಅದರ ಹೆಸರು ಬೇಡ ಬಿಡಿ, ಹೆಸರು ಹೇಳಿ ಯಾರ ಉಪಕಾರವೂ ಆಗಬೇಕಾಗಿಲ್ಲ) ಅಂಬರಾಯ ಪ್ಯಾಕಿಂಗ್ ಹೌಸಿನಲ್ಲಿ ಚೀಲ ಹೊರಲು ಸೇರಿಕೊಂಡ. ಅವನು ಸಿಮೆಂಟಿನ ಚೀಲವನ್ನು ಲಾರಿಗೆ ಎಸೆಯುವ ರೀತಿ ನೋಡಿದ ಇಂಜಿನಿಯರೊಬ್ಬ ಸಂಜೆ ಆಟದ ಕೋರ್ಟಿಗೆ ಕರೆದೊಯ್ದು ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟ. ಚೀಲಕ್ಕಿಂತ ಹಗುರ, ಧೂಳೂ ಇಲ್ಲ. ಅಂಬರಾಯ ಅದನ್ನು ಮತ್ತೆ ಕೆಳಗಿಡಲಿಲ್ಲ.

ಆಟ ಕೈಹಿಡಿಯಿತು. ಕಾರ್ಖಾನೆಯ ಟೀಮು ಎರಡು ಸಲ ಗುಲ್ಬರ್ಗಾದಿಂದ ಕಪ್ ಗೆದ್ದು ತಂದಿತು, ಅಂಬರಾಯ ಪರ್ಮನೆಂಟ್ ಆದ. ಎಲ್ಲಕ್ಕಿಂತ ದೊಡ್ಡ ಭಾಗ್ಯವೆಂದರೆ ಅವನನ್ನು ಪ್ಯಾಕಿಂಗ್ ಹೌಸಿನಿಂದ ತೆಗೆದು ಸ್ಟೋರಿನಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಸಲಿಕೆ, ಬೋಲ್ಟು, ಕೈಗವಸು ಎಣಿಸಿ ಕೊಡುವ ಕೆಲಸ. ಆಟಗಾರನಿಗೆಂದೇ ಇಟ್ಟ ಜಾಗ ಅದು. ಅಂಥದ್ದು ಇಡೀ ಕಾರ್ಖಾನೆಗೆ ಒಂದೇ.

ಪ್ಯಾಕಿಂಗ್ ಹೌಸು ಎಂದರೆ ಏನೆಂದು ತಿಳಿಯಲು ಅವನ ಹಳೆಯ ಜೊತೆಗಾರ ಬಂದೇಅಲಿಯನ್ನು ನೋಡಿದರೆ ಸಾಕಿತ್ತು. ಬಾಯಿಗೆ ಎಷ್ಟು ಬಟ್ಟೆ ಕಟ್ಟಿದರೂ ಧೂಳು ತನ್ನ ದಾರಿ ತಾನು ಹುಡುಕಿಕೊಳ್ಳುತ್ತಿತ್ತು. ನಲವತ್ತು ತುಂಬುವ ಮೊದಲೇ ಬಂದೇಅಲಿ ನಾಲ್ಕು ಮಾತಾಡಿ ಗೋಡೆ ಹಿಡಿಯುತ್ತಿದ್ದ. ಸ್ಟೋರಿನ ಕಿಟಕಿಗೆ ಬಂದಾಗಲೆಲ್ಲ, “ನಿಂದು ನಸೀಬ ಭಾಳ ಛಲೋ ಅದ ನೋಡಪ, ಕುರ್ಚಿ ಬಿಡಬ್ಯಾಡ,” ಎನ್ನುತ್ತಿದ್ದ. ಹೊಟ್ಟೆಕಿಚ್ಚಿನಿಂದ ಹೇಳಿದ್ದಲ್ಲ ಅದು, ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಅಂಬರಾಯನ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷ ಶಹಾಬಾದಿನಿಂದ ಮಶಾಕ ಬಂದ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಅಪ್ಪನನ್ನು ಕಳೆದುಕೊಂಡ ಹುಡುಗ, ಇಪ್ಪತ್ತರ ವಯಸ್ಸು, ಅಂಬರಾಯನ ಭುಜಕ್ಕೆ ಬರುವಷ್ಟು ಎತ್ತರ. ಯಾರಾದರೂ ರಜೆ ಹಾಕಿದಾಗ ಮಾತ್ರ ಕೆಲಸ ಸಿಗುವ ಬದ್ಲಿ ಕೂಲಿ. ಆಟದಲ್ಲಿ ಗಾರ್ಡ್. ವಾಡಿ ಜಂಕ್ಷನ್ನಿನ ಜನಕ್ಕೆ ಗಾರ್ಡ್ ಎಂದರೆ ಹಸಿರು ಬಾವುಟ ಹಿಡಿದು ಕೊನೆಯ ಡಬ್ಬಿಯಲ್ಲಿ ನಿಲ್ಲುವವನು. ಇವನು ಹಾಗಲ್ಲ, ಎಲ್ಲರಿಗಿಂತ ಮುಂದೆ ಚೆಂಡು ಪುಟಿಸಿಕೊಂಡು ಬಂದು ಯಾರಿಗೆ ಕೊಡಬೇಕೆಂದು ನೋಡಿ ಕೊಡುವವನು.

ಕೂಲಿಗಳ ಯೋಗಕ್ಷೇಮ, ಆಟೋಟ ನೋಡಿಕೊಳ್ಳುವ ವೆಲ್ಫೇರ್ ಸಾಹೇಬರು ಮೈಸೂರು ಕಡೆಯವರು. ಆಟದ ಹುಚ್ಚಿತ್ತು, ಆಟದ ಕಣ್ಣಿರಲಿಲ್ಲ. ಅಂಬರಾಯನನ್ನು ಕರೆದು, “ಈ ಹುಡುಗನ್ನ ನಂಬಿ ಮುಂದಿನ ಹತ್ತು ವರ್ಷದ ಟೀಮು ಕಟ್ಟಬಹುದಾ? ನೋಡಿ ಹೇಳಪ್ಪ. ನೀನು ಹೂಂ ಅಂದರೆ ಪರ್ಮನೆಂಟ್ ಮಾಡಿಸ್ತೀನಿ. ಆಟಗಾರರ ಜಾಗ ಒಂದೇ ಇರೋದು, ಅದು ನಿನಗೂ ಗೊತ್ತು,” ಎಂದರು. ಹುಡುಗ ಬಂದರೆ ಕುರ್ಚಿ ಅವನದು. ಅಂಬರಾಯನಿಗೆ ಮತ್ತೆ ಪ್ಯಾಕಿಂಗ್ ಹೌಸು. ಎಂಥ ನ್ಯಾಯ ನೋಡಿ! ಕುರಿಯನ್ನೇ ಕರೆದು ಕತ್ತಿಯ ಹರಿತ ನೋಡಿ ಹೇಳು ಎಂದ ಹಾಗಾಯಿತು.

ಮೊದಲ ಸೀಜನ್ನಿನಲ್ಲಿ ಮಶಾಕನ ಆಟದಲ್ಲಿ ಒಂದು ದೋಷ ಖಂಡಿತ ಇತ್ತು. ಆಟ ಬಿಗಿಯಾದಾಗ ಚೆಂಡು ಯಾರಿಗೂ ಕೊಡುತ್ತಿರಲಿಲ್ಲ, ತಾನೇ ನುಗ್ಗುತ್ತಿದ್ದ. ಅಂಬರಾಯ ಅವನನ್ನು ಕೋರ್ಟಿನ ಅಂಚಿಗೆ ಕರೆದು ಹೇಳಿದ:

“ಬುಟ್ಟಿಗಿ ಹಾಕವ್ರು ಬೇಕಾದಷ್ಟ ಮಂದಿ ಸಿಗ್ತಾರ. ಗಾರ್ಡ್ ಅಂದ್ರ ಮಂದಿ ಕೈ ನೋಡಬೇಕು. ಯಾರು ಕೈ ಎತ್ತಿರ್ತಾರ ಅವ್ರಿಗಿ ಬಾಲ್ ಕೊಡಬೇಕು. ತಿಳೀತಿಲ್ಲೊ?”

“ತಿಳೀತ್ರಿ ಕಾಕಾ,” ಎಂದ ಮಶಾಕ. ಮುಂದಿನ ಸೀಜನ್ನಿಗೆ ಆ ದೋಷ ಹುಡುಕಿದರೂ ಸಿಗಲಿಲ್ಲ. ಕಣ್ಣು ಒಂದು ಕಡೆ, ಚೆಂಡು ಇನ್ನೊಂದು ಕಡೆ. ಕೈ ಎತ್ತಿದವನ ಎದೆಗೆ ನೇರ ಬರುತ್ತಿತ್ತು. ಅಂಬರಾಯ ಅಂಥ ಗಾರ್ಡನ್ನು ಗುಲ್ಬರ್ಗಾದಲ್ಲೂ ನೋಡಿರಲಿಲ್ಲ. ಆದರೆ ಸಾಹೇಬರು ಕೇಳಿದಾಗ, “ಇನ್ನೊಂದು ಸೀಜನ್ ನೋಡೋಣ್ರಿ,” ಎಂದ.

ಅವನ ಹೆಂಡತಿ ಹೀರಾಬಾಯಿ ಬಾಯಿ ಬಿಗಿಹಿಡಿಯುವ ಪೈಕಿಯವಳಲ್ಲ. ರೊಟ್ಟಿ ಬಡಿಯುತ್ತಲೇ ಕೇಳಿದಳು, “ಆ ಹುಡುಗಂದು ಆಟ ಹ್ಯಾಂಗದ?”

“ಛಲೋ ಅದ.”

“ಮತ್ತ ಹಂಗಂತ ಹೇಳಲಾಕ ಏನ್ ಧಾಡಿ?”

“ನಾ ಮತ್ತ ಚೀಲ ಹೊರಲೇನು? ಬಂದೇಅಲಿಗಿ ನೋಡೀದಿಲ್ಲ?”

ಹೀರಾಬಾಯಿ ರೊಟ್ಟಿಯನ್ನು ತಿರುವಿ ಹಾಕಿದಳು. ಅವಳಿಗೂ ಗಂಡ ಬೇಕಲ್ಲ. ಆಮೇಲೆ ಆ ಮಾತು ಎತ್ತಲಿಲ್ಲ.

ಮೂರನೆಯ ಸೀಜನ್ನಿನ ಕೊನೆಗೆ ಮಶಾಕನ ತಾಯಿ ಚಾಂದಬೀ ಶಹಾಬಾದಿನಿಂದ ಪ್ಯಾಸೆಂಜರ್ ರೈಲು ಹಿಡಿದು ಅಂಬರಾಯನ ಮನೆಗೆ ಬಂದಳು. ಕುಂದ್ರಿ ಎಂದರೂ ಕೂರಲಿಲ್ಲ, ಬಾಗಿಲಲ್ಲೇ ನಿಂತಳು.

“ಅಣ್ಣಾ, ನನ್ನ ಗಂಡಗ ಗಣಿ ತಿಂದು ಹಾಕ್ತು. ಇವನಿಗಿ ಅಲ್ಲಿ ಕಳಸಂಗಿಲ್ಲಂತ ಹಟ ಹಿಡದು ಕುಂತೀನಿ. ಬದ್ಲಿ ಕೂಲಿ ನಂಬಿ ಇನ್ನೆಷ್ಟು ದಿನ ಕೂಡಲಿ? ನೀವು ಹೆಚ್ಚಿಗಿ ಏನೂ ಹೇಳಬ್ಯಾಡ್ರಿ. ನನ್ನ ಮಗಂದು ಇದ್ದದ್ದು ಇದ್ದಂಗ ಹೇಳ್ರಿ, ಸಾಕು. ನಿಮ್ಮ ಬಾಯಾಗ ಸುಳ್ಳು ಬರಂಗಿಲ್ಲಂತ ಎಲ್ಲಾರೂ ಅಂತಾರ.”

ಬೈದಿದ್ದರೆ, ಅತ್ತಿದ್ದರೆ ಅಂಬರಾಯ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. “ಚಂದ್ರಲಾ ತಾಯಿ ಆಣಿ, ಇದ್ದದ್ದೇ ಹೇಳ್ತೀನಿ,” ಎಂದು ತನ್ನೂರಿನ ದೇವಿಯ ಆಣೆ ಹಾಕಿಬಿಟ್ಟ. ಹೇಳಿದಾಗ ಅದು ಮನಸ್ಸಿನಿಂದಲೇ ಬಂದ ಮಾತು. ರೈಲ್ವೆಯವರ ಜೊತೆಗಿನ ಫೈನಲ್ ಮುಗಿದೊಡನೆ ಸಾಹೇಬರಿಗೆ ಹೂಂ ಅನ್ನುವುದೆಂದು ನಿಶ್ಚಯಿಸಿದ.

ಫೈನಲ್ ವಾಡಿಯ ರೈಲ್ವೆ ಮೈದಾನದಲ್ಲಿ ನಡೆಯಿತು. ಬೇಸಿಗೆಯ ಸಂಜೆ, ನೆಲ ಇನ್ನೂ ಕಾದೇ ಇತ್ತು. ಅಂಬರಾಯನಿಗೆ ಮೊದಲ ಅರ್ಧದಲ್ಲೇ ಉಸಿರು ಸಾಲದಾಯಿತು. ಚೀಲ ಹೊತ್ತ ಕಾಲದ ಧೂಳು ಕುರ್ಚಿಯ ಮೇಲೆ ಕೂತ ಮಾತ್ರಕ್ಕೆ ಒಳಗಿಂದ ಎದ್ದು ಹೋಗಿರಲಿಲ್ಲ. ಮಶಾಕ ಒಬ್ಬನೇ ಟೀಮನ್ನು ಎಳೆದು ತಂದು ಒಂದೇ ಪಾಯಿಂಟಿನ ಹಿನ್ನಡೆಗೆ ನಿಲ್ಲಿಸಿದ. ಕೊನೆಯ ಗಳಿಗೆ, ಚೆಂಡು ಅವನ ಕೈಯಲ್ಲಿ. ಎದುರಿಗಿದ್ದ ಕೊನೆಯವನನ್ನೂ ದಾಟಿ ಆಗಿತ್ತು. ಬುಟ್ಟಿಯವರೆಗೆ ದಾರಿ ಖುಲ್ಲಾ.

ಆಗ ಬುಟ್ಟಿಯ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಅಂಬರಾಯ ಕೈ ಎತ್ತಿದ. ಯಾಕೆ ಎತ್ತಿದ? ಇಷ್ಟು ವರ್ಷದ ರೂಢಿ. ಬುಟ್ಟಿಯ ಕೆಳಗೆ ನಿಂತಾಗ ಅವನ ಕೈ ತಾನಾಗಿ ಮೇಲೇಳುತ್ತಿತ್ತು, ಅಷ್ಟೇ. ಮಶಾಕ ಕಾಕಾನ ಕೈ ನೋಡಿದ, ಕೊಟ್ಟ. ಚೆಂಡು ನೇರ ಎದೆಗೆ ಬಂತು. ಅಂಬರಾಯನ ಬೆರಳು ಕೂಡಿಕೊಳ್ಳಲಿಲ್ಲ. ಚೆಂಡು ಬೆರಳಿಗೆ ತಾಗಿ ಗೆರೆಯ ಆಚೆ ಉರುಳಿತು, ಆಟ ಮುಗಿದ ಸೀಟಿ ಕೇಳಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಾಹೇಬರು ಕೆಂಪಾಗಿ ಬಂದರು. “ಏನಯ್ಯಾ ಅಂಬರಾಯ, ಏನಾಯ್ತು? ಇವನು ತಾನೇ ಹಾಕೋದು ಬಿಟ್ಟು ನಿನಗ್ಯಾಕೆ ಕೊಟ್ಟ?”

ಮಶಾಕ ಪಕ್ಕದಲ್ಲೇ ನಿಂತಿದ್ದ. ನಾನೇ ಕೈ ಎತ್ತಿದೆ, ನನ್ನ ಕೈಲಿ ಹಿಡಿಯಲಾಗಲಿಲ್ಲ, ಹುಡುಗನದೇನೂ ತಪ್ಪಿಲ್ಲ ಎಂದು ಅಂಬರಾಯ ಹೇಳಬೇಕಿತ್ತು. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬೇಲಿಯ ಆಚೆ ಆಟ ನೋಡಲು ಬಂದ ಬಂದೇಅಲಿ ಕೆಮ್ಮತೊಡಗಿದ. ಕೆಮ್ಮು ನಿಲ್ಲಲೇ ಇಲ್ಲ.

“ಪಾಸ್ ತಡಾ ಆಯ್ತ್ರಿ ಸಾಹೇಬ್ರ,” ಎಂದ ಅಂಬರಾಯ. “ಹುಡುಗ ಇನ್ನಾ ಕಚ್ಚಾ ಅದಾನ್ರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹೇಬರು ತಲೆಯಾಡಿಸಿ ಹೊರಟರು. ಅಂಬರಾಯ ಧೈರ್ಯ ಮಾಡಿ ಮಶಾಕನ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಹುಡುಗ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. “ತಪ್ಪಾತ್ರಿ ಕಾಕಾ,” ಎಂದ.

ಆ ವರ್ಷದ ನಂತರ ಅವನನ್ನು ಬದ್ಲಿ ಕೂಲಿಗೂ ಕರೆಯಲಿಲ್ಲ. ಮಶಾಕ ಗಣಿಗೆ ಇಳಿದ ಸುದ್ದಿ ಬಂತು. ಇತ್ತ ಅಂಬರಾಯನ ಕುರ್ಚಿಯಾದರೂ ಉಳಿಯಿತೇ? ಗಾರ್ಡಿಲ್ಲದ ಟೀಮು ಎರಡು ವರ್ಷ ಸೋತಿತು. ಸಾಹೇಬರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಆಟವೂ ಬೇಡ ಕೂಟವೂ ಬೇಡವೆಂದು ಟೀಮನ್ನೇ ಮುರಿದು ಅಂಬರಾಯನನ್ನು ಪ್ಯಾಕಿಂಗ್ ಹೌಸಿಗೆ ಕಳಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಇವನಿಗೆ ಆ ಅಡಿಕೆಯೂ ದಕ್ಕಲಿಲ್ಲ.

ಬಂದೇಅಲಿಯನ್ನು ಮಣ್ಣು ಮಾಡಿ ಬಂದ ಮರುದಿನ ಅಂಬರಾಯ ಶಹಾಬಾದಿಗೆ ಹೋದ. ಹೇಳಿಬಿಡಬೇಕು, ಹೇಳದೆ ಸಾಯಬಾರದು ಎಂಬ ಒಂದೇ ಹಟ ಅವನಿಗೆ.

ಮಶಾಕ ಗಣಿಯಿಂದ ಮೇಲೆ ಬರುತ್ತಿದ್ದ. ಮೂವತ್ತೂ ಆಗದವನು ಅರ್ಧ ದಾರಿಯಲ್ಲಿ ನಿಂತು ಮಂಡಿಯ ಮೇಲೆ ಕೈಯೂರಿ ಉಸಿರು ತೆಗೆದುಕೊಂಡ. ಅಂಬರಾಯನಿಗೆ ಆ ನಿಲ್ಲುವಿಕೆ ಗೊತ್ತಿತ್ತು. “ಕಾಕಾ ಬಂದಾರ, ಕಾಕಾ!” ಎಂದು ಹುಡುಗ ಖುಷಿಯಿಂದ ಮನೆಗೆ ಕರೆದೊಯ್ದು ಫರಸಿ ಹಾಸಿದ ಕಟ್ಟೆಯ ಮೇಲೆ ಕೂರಿಸಿದ. ಒಳಗಿದ್ದ ತಾಯಿಗೆ ಚಹಾ ಇಡಲು ಕೂಗಿದ. ಕೇಳದೆಯೇ ಹೇಳತೊಡಗಿದ:

“ಆ ಪಾಸ್ ನಾ ಮರ್ತಿಲ್ರಿ ಕಾಕಾ. ಗಣಿ ಗ್ವಾಡಿಗಿ ಬಾಲ್ ಒಗದು ಒಗದು ರೂಢಿ ಮಾಡೀನಿ. ಈಗ ತಡಾ ಆಗಂಗಿಲ್ಲ. ಇಲ್ಲಿ ಪೋರಗಳಿಗೂ ಅದೇ ಹೇಳ್ತೀನಿ, ತಡಾ ಮಾಡ್ಬ್ಯಾಡ್ರಿ, ನನ್ನಂಗ ಆಗ್ತೀರಿ ಅಂತ.”

ಅಂಬರಾಯ ಅವನ ಮಾತು ತಡೆದ. “ತಮ್ಮಾ, ಕೇಳಿಲ್ಲಿ. ಪಾಸ್ ತಡಾ ಆಗಿದ್ದಿಲ್ಲ. ನಾನೇ ಕೈ ಎತ್ತಿದೆ. ಬಾಲ್ ನನ್ನ ಎದಿಗೇ ಬಂದಿತ್ತು. ನನ್ನ ಕೈಲಿ ಹಿಡೀಲಾಕ ಆಗ್ಲಿಲ್ಲ. ಕುರ್ಚಿ ಹೋಗ್ತದಂತ ಸಾಹೇಬಗ ಸುಳ್ಳು ಹೇಳಿದೆ. ಚಂದ್ರಲಾ ತಾಯಿ ಆಣಿ.”

ಮಶಾಕ ಅವನನ್ನೇ ನೋಡಿದ. ಆಮೇಲೆ ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. ಸುಧಾರಿಸಿಕೊಂಡು ಅಂದ, “ನನಗ ಸಮಾಧಾನ ಮಾಡ್ಲಿಕ್ಕಂತ ಇಷ್ಟು ದೂರ ಬಂದೀರಿ. ನಿಮ್ಮದು ದೊಡ್ಡ ಮನಸ್ರಿ ಕಾಕಾ. ಆದ್ರ ನಿಮ್ಮ ಬಾಯಾಗ ಸುಳ್ಳು ಬರ್ತದೇನ್ರಿ? ತಡಾ ಆಗಿತ್ತು. ನನ್ನ ಕೈ ನನಗ ಗೊತ್ತಿಲ್ಲೇನು?”

“ಇಲ್ಲೋ ತಮ್ಮಾ, ಖರೇನ ಹೇಳ್ಲಿಕತ್ತೀನಿ…”

“ಬಿಡ್ರಿ ಕಾಕಾ, ಆಗಿ ಹೋದದ್ದು.”

ಚಾಂದಬೀ ಚಹಾದ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಅವಳು ಅಂಬರಾಯನ ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಮಗ ನಂಬದ್ದನ್ನು ಅವಳು ನಂಬಿದ್ದಳು. ಚಹಾ ಹಿಡಿದುಕೊಂಡೇ ಒಳಗೆ ಹೋದಳು.

“ಅಮ್ಮೀ, ಕಾಕಾಗ ಚಹಾ ಕೊಡು,” ಎಂದು ಮಶಾಕ ಕೂಗಿದ. ಚಹಾ ಬರಲಿಲ್ಲ. ಅವನು ಇನ್ನೊಮ್ಮೆ ಕೂಗಿದ.