ಏಳನೆಯ ಫಾರ್ವರ್ಡ್

ಮೊನ್ನೆ ವಾಡಿ ಸ್ಟೇಷನ್ನಿನ ಹೊರಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ನಿಂತಿದ್ದೆ. ಡಾಕ್ಟರು ಬೇಡವೆಂದಿದ್ದಾರೆ, ಮನೆಯವಳೂ ಬೇಡವೆಂದಿದ್ದಾಳೆ. ಹಾಗಾಗಿ ಇದನ್ನು ಮನೆಗೆ ಒಯ್ಯುವಂತಿಲ್ಲ, ನಿಂತಲ್ಲೇ ಮುಗಿಸಬೇಕು. ನಾಲ್ಕನೆಯ ಭಜಿ ಎತ್ತಿದಾಗ ಅದರ ಕೆಳಗೆ, ಎಣ್ಣೆ ಕುಡಿದ ಪತ್ರಿಕೆಯ ತುಂಡಿನಲ್ಲಿ, ಆಟದ ಪುಟದ ಸುದ್ದಿಯೊಂದು ಕಂಡಿತು. ಎಲ್ಲಿಯದೋ ಹಾಕಿ ತಂಡ. ಹೊಸ ಫಾರ್ವರ್ಡ್ ಒಬ್ಬ ಬಂದು ಸೇರಿದ್ದಾನೆ, ಅದರಿಂದ ನಮ್ಮ ಬೆಂಚು, ಅಂದರೆ ಬದಲಿಗೆಂದು ಕೂರುವವರ ಸಾಲು, ಇನ್ನಷ್ಟು ಗಟ್ಟಿಯಾಯಿತು ಎಂದು ಆ ತಂಡದ ಮ್ಯಾನೇಜರ್ ಹೇಳಿದ್ದಾನಂತೆ. ಓದಿದ ತಕ್ಷಣ ನೆತ್ತಿಗೇರಿತು ನೋಡಿ ಸಿಟ್ಟು.

"ಸುಳ್ಳ ಹೇಳ್ತಾನ ಮಗ" ಎಂದು ಜೋರಾಗಿಯೇ ಅಂದುಬಿಟ್ಟೆ.

ಭಜಿ ಕರಿಯುವವನು ಗಾಬರಿಯಾದ. "ಇಲ್ರಿ ಮಾಸ್ತರ್ರೆ, ಎಣ್ಣಿ ಇವತ್ತಿಂದೇ ಅದರಿ, ಬೇಕಾದ್ರ ಡಬ್ಬಿ ತೋರಸ್ತೀನಿ" ಎಂದ. ಅವನಿಗೆ ಏನೆಂದು ಬಿಡಿಸಿ ಹೇಳಲಿ? ನಿಮಗಾದರೆ ಹೇಳಬಹುದು, ನಿಮಗೆ ಪುರಸೊತ್ತಿದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಹಾಕಿ ಆಡಿದವನಲ್ಲ. ಜೀವಮಾನದಲ್ಲಿ ಒಂದೇ ಸಲ ಸ್ಟಿಕ್ ಬೀಸಿದ್ದೇನೆ, ಅದೂ ನನ್ನ ಮೊಣಕಾಲಿಗೇ ಬಿದ್ದು ವಾರ ಕುಂಟಿದ್ದೇನೆ. ಆದರೂ ಏಳು ವರ್ಷದ ಹಿಂದಿನವರೆಗೆ ನಮ್ಮೂರ ಹಾಕಿ ಕ್ಲಬ್ಬಿನ ಮ್ಯಾನೇಜರ್ ನಾನೇ. ಅರ್ಜಿ ಬರೆಯಲು, ತಂಡದ ಪಟ್ಟಿ ಕೊಡಲು, ನೀರಿನ ಕ್ಯಾನು ತುಂಬಿದೆಯೇ ಎಂದು ನೋಡಲು ಒಬ್ಬ ಮಾಸ್ತರ ಬೇಕಾಗಿತ್ತು. ಮಾಸ್ತರನಿಗೂ ಸಂಜೆ ಮನೆಯಿಂದ ಹೊರಬೀಳಲು ಒಂದು ನೆಪ ಬೇಕಾಗಿತ್ತು.

ನಮ್ಮ ಮೈದಾನ ರೈಲು ಹಳಿಯ ಮಗ್ಗುಲಿಗೇ ಇತ್ತು. ಹಾಕಿಯಲ್ಲಿ ಆಟ ನಿಲ್ಲಿಸದೆ ಆಟಗಾರರನ್ನು ಬದಲಿಸಬಹುದು. ಎಷ್ಟು ಸಲ ಬೇಕಾದರೂ ಒಬ್ಬ ಹೊರಗೆ ಬರಬಹುದು, ಒಬ್ಬ ಒಳಗೆ ಹೋಗಬಹುದು. ಫಾರ್ವರ್ಡ್‌ಗಳು ಮುಂದೆ ನಿಂತು ಓಡಿ ಓಡಿ ಬೇಗ ದಣಿಯುವುದರಿಂದ ಅವರಿಗೆ ಇದು ಬೇಕೇ ಬೇಕು. ನಮ್ಮಲ್ಲಿ ಆರು ಜನ ಫಾರ್ವರ್ಡ್‌ಗಳಿದ್ದರು. ಮೂವರು ಒಳಗೆ, ಮೂವರು ಹೊರಗೆ. ಯಾವಾಗ ಬದಲಾಗಬೇಕು? ಗಡಿಯಾರ ನೋಡುತ್ತ ಕೂರುವವರು ಯಾರು? ಗೂಡ್ಸ್ ಗಾಡಿ ಹಾದುಹೋದರೆ ಬದಲಿ, ಅಷ್ಟೇ. ವಾಡಿಯಲ್ಲಿ ಗೂಡ್ಸ್ ಗಾಡಿಗೇನು ಬರವೇ? ಸಿಮೆಂಟಿನದು ಹೋಯಿತು, ಮೂವರು ಹೊರಗೆ. ಕಲ್ಲಿದ್ದಲಿನದು ಬಂತು, ಮೂವರು ಒಳಗೆ. ಬೇರೆ ಊರಿಗೆ ಆಡಲು ಹೋದಾಗ ಗಾಡಿ ಇರುತ್ತಿರಲಿಲ್ಲ, ನಾನೇ ಟವೆಲ್ ಬೀಸುತ್ತಿದ್ದೆ. ಹುಡುಗರು ನನ್ನನ್ನು "ಗೂಡ್ಸ್ ಮಾಸ್ತರ್" ಎಂದು ಹಿಂದಿನಿಂದ ಕರೆಯುತ್ತಿದ್ದರು, ಕೇಳಿಸದವನಂತೆ ಇರುತ್ತಿದ್ದೆ.

ಒಂದು ಸಂಜೆ ಗೂಡ್ಸ್ ಗಾಡಿ ಅರ್ಧ ಹಾದು, ಸಿಗ್ನಲ್ ಸಿಗದೆ ನಿಂತುಬಿಟ್ಟಿತು. ಹೊರಗಿನ ಮೂವರು "ಗಾಡಿ ಬಂತು, ಹೊರಗ ಬರ್ರಿ" ಎಂದರೆ ಒಳಗಿನವರು "ಇನ್ನಾ ಪೂರಾ ಹೋಗಿಲ್ಲಲೇ, ಡಬ್ಬಿ ಎಣಸ್ಕೊಂಡ್ ಕುಂದ್ರ" ಎನ್ನುತ್ತಾರೆ. ಎಂಥಾ ಜಗಳ ಅಂತೀರಿ! ಆ ಗದ್ದಲದಲ್ಲಿ ಒಬ್ಬನೇ ಒಬ್ಬ ಸ್ಟಿಕ್ ಕೆಳಗಿಟ್ಟು ಸುಮ್ಮನೆ ಹೊರಗೆ ಬಂದು ನೀರು ಕುಡಿಯುತ್ತ ಕುಳಿತ. ಅವನು ದೇವಿಂದ್ರ.

ದೇವಿಂದ್ರ ಶಹಾಬಾದಿನವನು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕಾರ್ಖಾನೆಯಲ್ಲಿ ಕೂಲಿ. ಕೆಲಸ ಮುಗಿಸಿ, ಕಣ್ಣುರೆಪ್ಪೆಯ ಮೇಲಿನ ಬಿಳಿ ಧೂಳನ್ನೂ ಸರಿಯಾಗಿ ತೊಳೆಯದೆ ಪ್ಯಾಸೆಂಜರ್ ಗಾಡಿ ಹಿಡಿದು ವಾಡಿಗೆ ಬರುತ್ತಿದ್ದ. ಎಡಗಡೆ ಆಡುತ್ತಿದ್ದ. ಗೋಲು ಹೊಡೆದದ್ದು ಕಡಿಮೆ. ಅವನ ಕೆಲಸ ಓಡುವುದು, ಎದುರಾಳಿಯ ಡಿಫೆಂಡರುಗಳನ್ನು ಮೈದಾನದ ತುಂಬ ಎಳೆದಾಡಿಸಿ ಉಸ್ಸೆನಿಸುವುದು. ಅವನ ಮೂವರ ಸೆಟ್ಟು ದಣಿಸಿ ಬಂದ ಮೇಲೆ ಇನ್ನೊಂದು ಸೆಟ್ಟು ಹೋಗಿ ಗೋಲು ಹೊಡೆಯುತ್ತಿತ್ತು, ಚಪ್ಪಾಳೆ ಅವರಿಗೆ ಬೀಳುತ್ತಿತ್ತು. ನಮ್ಮ ತಂಡದಲ್ಲಿ ಬೆಂಚು ಎನ್ನುವುದೇ ಇರಲಿಲ್ಲ, ಹೊರಗೆ ಕುಳಿತವನು ಮುಂದಿನ ಗಾಡಿಗೆ ಕಾಯುತ್ತಿದ್ದ, ಅಷ್ಟೇ. ತಂಡದ ಗಟ್ಟಿತನ ಅಂದರೆ ಅದು. ಪತ್ರಿಕೆಯ ಆ ಮ್ಯಾನೇಜರನಿಗೆ ಇದು ಏನು ಗೊತ್ತು, ಮಣ್ಣು?

ಎಂಟು ವರ್ಷದ ಹಿಂದೆ ನಾವು ಎಂದೂ ಇಲ್ಲದ ಹಾಗೆ ಜಿಲ್ಲಾ ಟೂರ್ನಮೆಂಟಿನ ಫೈನಲ್ಲಿಗೆ ಬಂದೆವು. ಚಿತ್ತಾಪುರದವರನ್ನು ಸೋಲಿಸಿದೆವು, ಚಿಂಚೋಳಿಯವರನ್ನೂ ಸೋಲಿಸಿದೆವು. ಅವತ್ತು ಮರಳಿ ಬರುವಾಗ ಬಸ್ಸಿನಲ್ಲಿ ದೇವಿಂದ್ರ ನನ್ನ ಪಕ್ಕಕ್ಕೆ ಬಂದು ಕುಳಿತ.

"ಸರ್, ಫೈನಲ್ ಆಡಿದವ್ರಿಗಿ ಸರ್ಟಿಫಿಕೇಟ್ ಕೊಡ್ತಾರಂತಲ್ರಿ, ಖರೇನ್ರಿ?"

"ಪಟ್ಟಿನ್ಯಾಗ ಹೆಸರಿದ್ದ ಹದಿನಾರು ಮಂದಿಗೂ ಕೊಡ್ತಾರಪಾ."

"ಚಿಂಚೋಳಿ ಕಡಿ ಒಂದ್ ವಸತಿ ಶಾಲಿ ಅದರಿ. ಮಕ್ಕಳಿಗಿ ಆಟ ಆಡಸಾಕ ಒಬ್ಬಾವ ಬೇಕಾಗ್ಯಾನಂತ. ಆ ಕಾಗದ ಇದ್ರ ತೊಗೋತಾರಂತ. ಈ ವರ್ಷ ದಾಟಿದ್ರ ನೌಕ್ರಿಗಿ ನನ್ನ ವಯಸ್ಸು ಮುಗೀತದರಿ. ಅದೊಂದ್ ಸಿಕ್ರ ಸಾಕ್ರಿ ಸರ್, ಈ ಧೂಳಿನ್ಯಾಗಿಂದ ಹೊರಗ ಬೀಳ್ತೀನಿ."

"ಸಿಕ್ಕೇ ಸಿಗ್ತದ, ಫಿಕರ್ ಮಾಡಬ್ಯಾಡ" ಎಂದೆ. ಹೀಗೆ ಭರವಸೆ ಕೊಡುವುದರಲ್ಲಿ ಮಾಸ್ತರರನ್ನು ಮೀರಿಸಿದವರಿಲ್ಲ.

ಫೈನಲ್ಲಿಗೆ ನಾಲ್ಕು ದಿನ ಇದೆ ಎನ್ನುವಾಗ ಕ್ಲಬ್ಬಿನ ಸೆಕ್ರೆಟರಿ ಅಪ್ಪಾರಾವ್ ಸಾವ್ಕಾರರು ಜೀಪಿನಲ್ಲಿ ಬಂದು ಇಳಿದರು. ಶಹಾಬಾದಿನಲ್ಲಿ ಫರ್ಸಿ ವ್ಯಾಪಾರ ಅವರದು. ದೊಡ್ಡ ದನಿ, ದೊಡ್ಡ ಕೈ. ಜೊತೆಗೆ ಸೊಲ್ಲಾಪುರ ಕಡೆಯ ಒಬ್ಬ ಎತ್ತರದ ಹುಡುಗ.

"ಮಾಸ್ತರ್ರೆ, ಸೆಂಟರ್ ಫಾರ್ವರ್ಡ್ ತಂದೀನಿ ನೋಡ್ರಿ. ಆರ್ ಮಂದಿ ಇದ್ರಿ, ಈಗ ಏಳಾದ್ರಿ. ಟೀಮ್ ಎಷ್ಟ್ ಗಟ್ಟಿ ಆತು ನೋಡ್ರಿ!"

ಗಣಿತದ ಮಾಸ್ತರನ ಎದುರಿಗೆ ಆರಕ್ಕೆ ಒಂದು ಸೇರಿಸಿದರೆ ಏಳು ಎಂದು ಹೇಳಿ ಹೊರಟೇಹೋದರು. ನಾನೂ ತಲೆಯಾಡಿಸಿದೆ. ಪಟ್ಟಿಯಲ್ಲಿ ಹದಿನಾರೇ ಹೆಸರು ಎಂಬುದು ಆಗ ಇಬ್ಬರಿಗೂ ನೆನಪಾಗಲಿಲ್ಲ.

ಆ ಹೊಸ ಹುಡುಗನನ್ನು ಬೈಯಲು ನಾನು ಎಂಟು ವರ್ಷದಿಂದ ಒಂದು ಕಾರಣ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಮರ್ಯಾದೆಯ ಹುಡುಗ. ಚೆಂಡು ಅವನ ಸ್ಟಿಕ್ಕಿಗೆ ಅಂಟಿಕೊಂಡೇ ಬರುತ್ತಿತ್ತು. ಆದರೆ ಮೊದಲ ಸಂಜೆ ಗೂಡ್ಸ್ ಗಾಡಿ ಹಾದುಹೋದಾಗ ಅವನು ಹೊರಗೆ ಬರಲಿಲ್ಲ. ಅವನಿಗೆ ಆ ರೂಢಿ ಗೊತ್ತಿರಲಿಲ್ಲ, ನಾವೂ ಹೇಳಲಿಲ್ಲ. ಇಂಥವನನ್ನು ಹೊರಗೆ ಕರೆಯುವುದು ಹೇಗೆ? ಅವನು ನಿಂತ ಮೇಲೆ ಮೂರು ಜಾಗದಲ್ಲಿ ಒಂದು ಅವನಿಗೇ ಆಯಿತು. ಉಳಿದ ಎರಡಕ್ಕೆ ಆರು ಜನ. ಎರಡು ಸೆಟ್ಟು ಒಡೆದುಹೋಯಿತು. ಅಂದು ಹುಡುಗರು ಹಳಿಯ ಕಡೆ ನೋಡುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಸಲ ನಮ್ಮಲ್ಲಿ ಬೆಂಚು ಹುಟ್ಟಿದ್ದು ಆ ಸಂಜೆ.

ಇನ್ನು ಪಟ್ಟಿ. ಹೊಸಬನ ಹೆಸರು ಸೇರಿಸಿದರೆ ಹದಿನೇಳಾಯಿತು. ಒಂದು ತೆಗೆಯಬೇಕು. ಫೋನು ಮಾಡಿದರೆ ಸಾವ್ಕಾರರು, "ಯಾರ್ನರ ತಗೀರಿ ಮಾಸ್ತರ್ರೆ, ಅದ್ ನಿಮಗ ಬಿಟ್ಟಿದ್ದು" ಎಂದು ಇಟ್ಟುಬಿಟ್ಟರು. ತೆಗೆಯಬಹುದಾದ ಹೆಸರು ಕಣ್ಣ ಮುಂದೆಯೇ ಇತ್ತು. ನಮ್ಮ ಎರಡನೆಯ ಗೋಲ್‌ಕೀಪರ್ ಸಾವ್ಕಾರರ ಹೆಂಡತಿಯ ತಮ್ಮ. ಅವನು ಒಂದು ದಿನವೂ ಪ್ಯಾಡ್ ಕಟ್ಟಿದವನಲ್ಲ, ಮ್ಯಾಚಿನ ದಿನ ಕರಿ ಕನ್ನಡಕ ಹಾಕಿಕೊಂಡು ಬಂದು ಫೋಟೋಕ್ಕೆ ನಿಲ್ಲುತ್ತಿದ್ದ. ಅವನ ಹೆಸರ ಮೇಲೆ ಪೆನ್ನು ಇಟ್ಟೆ, ಎತ್ತಿದೆ. ಇನ್ನು ಫಾರ್ವರ್ಡ್‌ಗಳಲ್ಲಿ ಒಬ್ಬ ಬಾಯಿಬಡುಕ, ಒಬ್ಬನ ಅಣ್ಣ ಪಂಚಾಯತಿ ಮೆಂಬರ್. ಕೊನೆಗೆ ಜಗಳ ಮಾಡದವನ ಹೆಸರು ಹೊಡೆದುಹಾಕಿದೆ. ದೇವಿಂದ್ರನದು.

ಥೂ! ಬರೆಯುತ್ತಿದ್ದರೆ ಈಗಲೂ ಕೈ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಮಾತು. ಮರುದಿನ ಅವನು "ಯಾಕ್ರಿ ಸರ್, ನನ್ನ ಹೆಸರಿಲ್ಲಂತಲ್ರಿ?" ಎಂದು ಕೇಳಿದಾಗ, "ನಾ ಏನ್ ಮಾಡ್ಲಿಪಾ, ಸಾವ್ಕಾರ್ರು ತಗೀರಿ ಅಂದ್ರು" ಎಂದೆ. ಒಂದು ಗಳಿಗೆಯೂ ತಡವರಿಸಲಿಲ್ಲ. ಅವನು, "ನೀರಿನ ಕ್ಯಾನ್ ಹೊರಾಕರ ಬರ್ತೀನ್ರಿ" ಎಂದ.

ಬಂದ ಕೂಡ. ಫೈನಲ್ ನಡೆದ ಸೇಡಂ ಮೈದಾನದಲ್ಲಿ ಹಗ್ಗದ ಆಚೆ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ನೀವು ಈಗ, ಹೊಸಬ ಕೈ ಕೊಟ್ಟಿರಬೇಕು, ತಂಡ ಸೋತಿರಬೇಕು, ಇವರಿಗೆ ಬುದ್ಧಿ ಬಂದಿರಬೇಕು ಎಂದುಕೊಳ್ಳುತ್ತೀರಿ. ಇಲ್ಲ ಸ್ವಾಮಿ, ಗೆದ್ದೆವು. ಎರಡಕ್ಕೆ ಒಂದು. ಎರಡೂ ಗೋಲು ಹೊಸಬನದೇ. ಹಳೆಯ ಫಾರ್ವರ್ಡ್‌ಗಳಲ್ಲಿ ಮೂವರು ಶೂ ಲೇಸು ಕಟ್ಟಿಕೊಂಡು ಕುಳಿತವರು ಕುಳಿತೇ ಇದ್ದರು, ನಾನು ಟವೆಲ್ ಬೀಸಲೇ ಇಲ್ಲ. ಕಪ್ಪು ಹಿಡಿದು ಸಾವ್ಕಾರರು, "ಹೊಸಾ ಫಾರ್ವರ್ಡ್ ಬಂದಿದ್ದಕ್ಕ ನಮ್ಮ ಟೀಮು ಗಟ್ಟಿ ಆತು" ಎಂದು ಭಾಷಣ ಮಾಡಿದರು. ಆಮೇಲೆ ಗುಂಪು ಫೋಟೋ. ಯಾರೋ ದೇವಿಂದ್ರನ ಕೈಗೇ ಮೊಬೈಲ್ ಕೊಟ್ಟು ತೆಗೆಯಲು ಹೇಳಿದರು. ಅವನು "ಜರಾ ಹತ್ರ ಬರ್ರಿ, ಎಲ್ಲಾರೂ ಬರೋಬ್ಬರಿ ಕಾಣ್ಬೇಕು" ಎಂದು ಎರಡು ಸಲ ತೆಗೆದ.

ಮುಂದಿನ ವರ್ಷ ಹೊಸಬ ಬೇರೆ ತಂಡಕ್ಕೆ ಹೋದ. ಹೋಗಲಿ, ಅವನ ಹೊಟ್ಟೆಪಾಡು. ಬೆಂಚಿನ ಮೇಲೆ ಕುಳಿತಿದ್ದ ಮೂವರೂ ಬರುವುದನ್ನು ಬಿಟ್ಟರು. ಅವರನ್ನು ನೋಡಿ ಇನ್ನೊಬ್ಬ. ಹನ್ನೊಂದು ಜನ ಕೂಡದೆ ಕ್ಲಬ್ಬಿಗೆ ಬೀಗ ಬಿತ್ತು. ನಾನು ಸಿಕ್ಕಸಿಕ್ಕವರ ಮುಂದೆಲ್ಲ ಸಾವ್ಕಾರರನ್ನು ಬೈದೆ. ಬಸ್ಸಿನಲ್ಲಿ ಬೈದೆ, ಕಟಿಂಗ್ ಅಂಗಡಿಯಲ್ಲಿ ಬೈದೆ. ಬೈದೂ ಬೈದೂ ಪಟ್ಟಿಯಿಂದ ಹೆಸರು ತೆಗೆದವರು ಅವರೇ ಎಂದು ನಾನೇ ನಂಬುವ ಹಂತಕ್ಕೆ ಬಂದಿದ್ದೆ.

ಆದರೆ ಭಜಿ ಅಂಗಡಿಯ ಮುಂದೆ ನಿಂತು "ಸುಳ್ಳ ಹೇಳ್ತಾನ ಮಗ" ಎಂದು ಅಂದೆನಲ್ಲ, ಆ ಮಾತು ಮನೆಯವರೆಗೂ ನನ್ನ ಜೊತೆಗೇ ಬಂತು. ಸುಳ್ಳು ಹೇಳಿದ ಮ್ಯಾನೇಜರ್ ನಾನೇ ಅಲ್ಲವೇ? ಮರುದಿನ ಬೆಳಿಗ್ಗೆ ಶಹಾಬಾದಿಗೆ ಹೋದೆ.

ದೇವಿಂದ್ರ ಈಗಲೂ ಪಾಲಿಶ್ ಮಷೀನಿನ ಮುಂದೆಯೇ ಇದ್ದಾನೆ. ತಲೆ ನರೆತಿದೆಯೋ ಧೂಳೋ ತಿಳಿಯುವುದಿಲ್ಲ. ನನ್ನನ್ನು ಕಂಡು ಮುಖ ಅರಳಿಸಿ, ಕೈಸನ್ನೆಯಲ್ಲೇ ಕುಂದ್ರಿ ಎಂದ. ಮಷೀನಿನ ಸದ್ದಿನಲ್ಲಿ ನಾನು ಹೇಳಬೇಕಾದ್ದನ್ನು ಹೇಳಿಬಿಟ್ಟೆ. ನಿಜ ಹೇಳಬೇಕೆಂದರೆ, ಕೇಳಿಸದಿದ್ದರೆ ಒಳ್ಳೆಯದು ಎಂದೇ ಮೆಲ್ಲಗೆ ಹೇಳಿದೆ.

ಅವನು ಮಷೀನು ಬಂದ್ ಮಾಡಿದ. "ಏನಂದ್ರಿ ಸರ್? ಕೇಳಸಲಿಲ್ರಿ."

ಅಲ್ಲಿದ್ದ ಇನ್ನಿಬ್ಬರು ಕೆಲಸದವರೂ ತಿರುಗಿ ನೋಡಿದರು.

"ಅವತ್ತು ನಿನ್ನ ಹೆಸರು ತಗದಿದ್ದು ಸಾವ್ಕಾರ್ರಲ್ಲಪಾ. ನಾನೇ ತಗದಿದ್ದೆ. ಅವ್ರು ಯಾರ ಹೆಸರೂ ಹೇಳಿರ್ಲಿಲ್ಲ."

"ಯಾಕ್ರಿ?"

"ನೀ ಜಗಳಾ ಮಾಡಂಗಿಲ್ಲಂತ."

ಅವನು ಕೈ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ. ತಿರುಗಿದಾಗ ಆ ಮುಖ ನಾನು ಎಂದೂ ನೋಡಿದ್ದಲ್ಲ.

"ಆ ಫೈನಲ್ ಆಗಿ ತಿಂಗಳಿಗಿ ಸಾವ್ಕಾರ್ರು ನನ್ನ ಕರಸಿದ್ರು ಸರ್. ನಮ್ಮ ಅಂಗಡಿ ಆಫೀಸಿನ್ಯಾಗ ಕುಂದ್ರು ಬಾ, ಲಾರಿ ಲೋಡ್ ಬರ್ಕೊಂಡಿರು, ಧೂಳಿಂದು ಕೆಲಸ ಬಿಡು ಅಂದ್ರು. ನನ್ನ ಹೆಸರು ಹೊಡದಾವ ಇವ, ಈಗ ದಾನಾ ಮಾಡಾಕ ಬಂದಾನ ಅಂತ ತಿಳದು, ನಿಮ್ಮ ನೌಕ್ರಿ ನೀವೇ ಇಟ್ಕೋರಿ ಅಂತ ಮುಖದ ಮ್ಯಾಲ ಅಂದು ಬಂದೀನಿ. ಇವತ್ತಿನ ತನಕಾ ಅವ್ರ ಮಾರಿ ನೋಡಿಲ್ಲ. ನಿಮ್ಮ ಮನಿಗಿ ಮಾತ್ರ ವರ್ಷಾ ವರ್ಷಾ ದಸರಾಕ್ಕ ಬನ್ನಿ ಹಿಡ್ಕೊಂಡ್ ಬಂದು ಕಾಲಿಗಿ ಬಿದ್ದೀನಿ. ಎಂಟ್ ಸಲ ಬಂದೀನ್ರಿ. ಒಂದ್ ಸಲರ ಬಾಯಿ ಬಿಡಬಾರ್ದಿತ್ತೇನ್ರಿ?"

ಏನಾದರೂ ಹೇಳಬೇಕಲ್ಲ ಎಂದು, "ನನಗೂ ಇಷ್ಟ್ ವರ್ಷ ಭಾಳ ಸಿಟ್ಟಿತ್ತು ದೇವಿಂದ್ರ" ಎಂದೆ.

"ನಿಮಗ್ಯಾಕ್ರಿ ಸಿಟ್ಟು?" ಅವನ ದನಿ ಶೆಡ್ಡಿನ ತಗಡಿಗೆ ಬಡಿಯಿತು. "ಸಿಟ್ಟು ನಂದ್ರಿ! ಹೋಗ್ರಿ ಇಲ್ಲಿಂದ."

ಮಷೀನು ಮತ್ತೆ ಶುರುವಾಯಿತು. ಬಿಳಿ ನೀರು ನನ್ನ ಧೋತರದ ಮೇಲೆಲ್ಲ ಸಿಡಿಯಿತು. ಅಲ್ಲಿಂದ ಸಾವ್ಕಾರರ ಅಂಗಡಿ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದ ದಾರಿ ನಡೆಯಲು ನನಗೆ ಮಧ್ಯಾಹ್ನದವರೆಗೂ ಬೇಕಾಯಿತು. ಒಳಗೆ ಹೋಗಿ ಅವರಿಗೂ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಆಫೀಸಿನ್ಯಾಗ ಅವಂಗಂತ ಇಟ್ಟ ಕುರ್ಚಿ ಇನ್ನಾ ಖಾಲಿನೇ ಅದ ಮಾಸ್ತರ್ರೆ. ಆದ್ರ ನಾ ಕರದ್ರ ಅವ ಬರಂಗಿಲ್ಲ, ನೀವು ಕರದ್ರಂತೂ ಬರಂಗೇ ಇಲ್ಲ" ಎಂದು, ನನಗೆ ಕುಂದ್ರಿ ಎಂದೂ ಅನ್ನದೆ, ಲಾರಿಯ ಕಡೆಗೆ ಎದ್ದುಹೋದರು.