ಗಾಡಿಗೆ ಹಾಸಿದ್ದ ಮಗುವಿನ ಕೌದಿ

ಕೊಟ್ಟಾರದ ಧನಿಗಳ ಮನೆಯಲ್ಲಿ ಬಾಣಂತಿ ಸೊಸೆಯನ್ನು ನೋಡಿ ಹೊರಗೆ ಬಂದಾಗ, ಅಂಗಳದಲ್ಲಿದ್ದ ಎತ್ತಿನ ಗಾಡಿಯ ಮೇಲೆ ನಾನೇ ಹೊಲಿದ ಕೌದಿ ಹಾಸಿದ್ದನ್ನು ಕಂಡೆ. ಅದನ್ನು ನಾನು ಕೊಟ್ಟದ್ದು ಅವರ ಒಕ್ಕಲು ದೇಯಿಯ ಮಗುವಿಗೆ.

ಹೆರಿಗೆ ಮಾಡಿಸುವುದು ನನ್ನ ಕೆಲಸ. ಬಡವರ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹಳೆಯ ಸೀರೆಗಳಿಂದ ಚಿಕ್ಕದೊಂದು ಕೌದಿ ಹೊಲಿದು ಕೊಡುತ್ತಿದ್ದೆ. ಮನೆಯಿಂದ ಮನೆಗೆ ಓಡಿ ಓಡಿ ಸಾಕಾಗಿ, ಸೂಜಿ ಕಂಡರೇ ಬೇಸರವಾಗತೊಡಗಿತು. ದೇಯಿಯ ಮಗುವಿನದೇ ಕೊನೆಯದು. ಆಮೇಲೆ ಆರು ತಿಂಗಳು ಸೂಜಿ ಮುಟ್ಟಿರಲಿಲ್ಲ.

"ಇದು ಇಲ್ಲಿಗೆ ಹೇಗೆ ಬಂತು?" ಎಂದು ಧನಿಗಳ ಹೆಂಡತಿಯನ್ನು ಕೇಳಿದೆ.

"ನಾನೇ ತರಿಸಿದ್ದು ನರ್ಸಮ್ಮ. ಒಕ್ಕಲಿನವರ ಮಗುವಿಗೆ ಇಷ್ಟು ಚಂದದ್ದು ಎಂತಕ್ಕೆ? ಅದಕ್ಕೆ ಗೋಣಿ ಉಂಟಲ್ಲ!" ಎಂದು ಅವರು ನಕ್ಕರು.

ನನ್ನ ಮೈ ಉರಿದುಹೋಯಿತು. ಒಳಗೆ ಬಾಣಂತಿ ಮಲಗಿದ್ದಾಳೆಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಆದರೆ ಕೌದಿಯನ್ನು ಗಾಡಿಯಿಂದ ಎಳೆದು, ಅವರೆದುರೇ ಧೂಳು ಕೊಡವಿ, ಗದ್ದೆಯ ಬದುವಿನಲ್ಲಿ ದಡದಡನೆ ನಡೆದು ದೇಯಿಯ ಗುಡಿಸಲಿಗೆ ಹೋದೆ. ಮಗು ನಿಜಕ್ಕೂ ಗೋಣಿಯ ಮೇಲೆಯೇ ಮಲಗಿತ್ತು. ಬೆನ್ನೆಲ್ಲ ಕೆಂಪು ಗುಳ್ಳೆ.

ಕೌದಿ ಕಂಡು ದೇಯಿ ಹೆದರಿದಳು. "ಬೇಡ ಅಮ್ಮ, ಅವರು ಪುನಃ ಕೊಂಡುಹೋಗ್ತಾರೆ."

"ಕೊಂಡುಹೋಗಲಿ. ನಾನು ಪುನಃ ಹೊಲಿದು ತರ್ತೇನೆ" ಎಂದೆ.

ಅಂದು ಸಂಜೆಯೇ ಸೂಜಿಗೆ ನೂಲು ಪೋಣಿಸಿದೆ. ಬೇಸರ ಎಲ್ಲಿ ಹೋಯಿತೋ ತಿಳಿಯದು, ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಧನಿಗಳ ಮನೆಯಿಂದ ನನಗೆ ಮತ್ತೆ ಕರೆ ಬಂದಿಲ್ಲ. ದೇಯಿಯ ಮಗುವಿಗೆ ಈಗ ಹೊಲಿಯುತ್ತಿರುವುದು ಮೂರನೆಯ ಕೌದಿ.