ಎದುರುಮನೆ ಅತ್ತೆ ಕೇಳಿಸಿಕೊಂಡ ಮಾತು

ಮೊನ್ನೆ ಮೈಸೂರಿನಲ್ಲಿ ನಾನು ಕೆಲಸ ಮಾಡುವ ರಸಾಯನಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಯಾರೋ ಈಥರ್ ಬಾಟಲಿಯ ಮುಚ್ಚಳವನ್ನು ಸರಿಯಾಗಿ ಹಾಕದೆ ಹೋಗಿದ್ದರು. ಬಾಗಿಲು ತೆರೆದೊಡನೆ ಆ ತಣ್ಣನೆಯ ಸಿಹಿ ವಾಸನೆ ಗಂಟಲಿಗಿಳಿಯಿತು. ಕಿಟಕಿ ತೆಗೆದೆ, ಮುಚ್ಚಳ ಬಿಗಿದೆ. ಆದರೂ ಆ ದಿನ ಕೆಲಸ ಸಾಗಲಿಲ್ಲ. ಆ ವಾಸನೆ ನನಗೆ ಮೊದಲು ಪರಿಚಯವಾದದ್ದು ಪ್ರಯೋಗಾಲಯದಲ್ಲಲ್ಲ, ಒಬ್ಬ ಹೆಂಗಸಿನ ಉಸಿರಿನಲ್ಲಿ.

ಅವರು ಕೊಯಮತ್ತೂರಿನ ಹತ್ತಿರದ ಅವಿನಾಶಿಯಲ್ಲಿ ನಮ್ಮ ಎದುರುಮನೆಯವರು. ನಂಟಸ್ತಿಕೆ ಇರಲಿಲ್ಲ, ಆದರೂ ನನಗೆ ಅತ್ತೆ. ಗಂಡ ತೀರಿಹೋಗಿದ್ದರು. ಮಗ ಒಳಗೆ ಮಗ್ಗದಲ್ಲಿ ನೇಯುತ್ತಿದ್ದ, ಅತ್ತೆ ಜಗಲಿಯಲ್ಲಿ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೊಯಮತ್ತೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮದು ಎಂದೋ ವಲಸೆ ಬಂದು ನೆಲೆಸಿದ ನೇಕಾರರ ಬೀದಿ, ಅಲ್ಲಿ ಕನ್ನಡ ಹೊಸ್ತಿಲೊಳಗಿನ ಮಾತು. ಅಡುಗೆಗೆ, ಜಗಳಕ್ಕೆ, ದೇವರಿಗೆ, ಸತ್ತವರ ಮುಂದೆ ಅಳುವುದಕ್ಕೆ ಕನ್ನಡ. ಹೊಸ್ತಿಲು ದಾಟಿದರೆ ತಮಿಳು. ಓದುಬರಹವೂ ತಮಿಳೇ. ಕನ್ನಡದ ಅಕ್ಷರ ನಾನು ಕಲಿತದ್ದು ಆಮೇಲೆ, ಎಂ.ಎಸ್ಸಿ.ಗೆಂದು ಮೈಸೂರಿಗೆ ಬಂದಾಗ.

ಅತ್ತೆಯ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸಂಜೆ ಕಾಲೇಜು ಮುಗಿಸಿ ವಾರ್ಡಿಗೆ ಹೋದೆ. ಮತ್ತು ಬರಿಸಲು ಕೊಟ್ಟ ಈಥರಿನ ಆ ಸಿಹಿ ವಾಸನೆ ಅವರ ಉಸಿರಿನಿಂದ ಬರುತ್ತಿತ್ತು. ಕಣ್ಣು ಅಗಲವಾಗಿ ತೆರೆದಿತ್ತು. ನನ್ನ ಮಣಿಕಟ್ಟು ಹಿಡಿದುಕೊಂಡು, "ನಂಗೆ ಮಯಕ್ಕ ಬರ್ಲೇ ಇಲ್ಲ ಕಣ್ಣು. ಅವ್ರು ಕೊಯ್ತಾ ಇದ್ರು, ನಾ ಎದ್ದೇ ಇದ್ದೆ" ಎಂದರು. ಪ್ರೀತಿ ಬಂದಾಗ ನಮ್ಮ ಕಡೆ ಹಾಗೆ ಕರೆಯುತ್ತಾರೆ, ಕಣ್ಣು ಎಂದು. ಮಯಕ್ಕವೆಂದರೆ ಮತ್ತು, ಎಚ್ಚರ ತಪ್ಪುವುದು.

ಕೈ ಎತ್ತಲಾಗಲಿಲ್ಲವಂತೆ. ರೆಪ್ಪೆ ಅಲ್ಲಾಡಿಸಲೂ ಆಗಲಿಲ್ಲ. ಕೂಗು ಗಂಟಲಲ್ಲೇ... ಆಗ ತಲೆಯ ಹಿಂದಿನಿಂದ ಒಂದು ಗಂಡು ದನಿ ಕನ್ನಡದಲ್ಲಿ ಹೇಳಿತಂತೆ: "ಈ ಊರಲ್ಲಿ ಒಳ್ಳೆ ಅವರೆಕಾಯಿ ಸಿಗಲ್ಲ ಸಿಸ್ಟರ್. ಸೊಗಡೇ ಇರಲ್ಲ. ಮನೆಯವಳು ದಿನಾ ಗೊಣಗ್ತಾಳೆ." ಅತ್ತೆ ಅದನ್ನು ಒಪ್ಪಿಸಿದಾಗ ಅದು ಅವರ ಕನ್ನಡವಾಗಿರಲಿಲ್ಲ. ಸೊಗಡು ಎಂಬ ಪದವನ್ನು ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ. ಆ ಕ್ಷಣವೇ ನಾನು ಅವರನ್ನು ನಂಬಿದೆ.

ಅತ್ತೆಯ ಮನೆಯವರೂ ನಂಬಿದರು, ಬೇರೆ ರೀತಿಯಲ್ಲಿ. "ಆಸ್ಪತ್ರೇಲಿ ನಮ್ಮ ಮಾತು ಯಾರು ಆಡ್ತಾರೆ? ಚೌಡಮ್ಮನೇ ಬಂದು ತಲೆ ಹತ್ರ ನಿಂತವ್ಳೆ" ಎಂದಳು ಸೊಸೆ. ದನಿ ಗಂಡಿನದಾದರೆ ಏನಂತೆ, ದೇವಿ ಮೈಮೇಲೆ ಬರುವುದು ಪೂಜಾರಿಗೇ ಅಲ್ಲವೇ. ಮುಂದಿನ ಶುಕ್ರವಾರ ದೇವಿಗೆ ಅವರೆಕಾಯಿ ಹುಳಿ ಬೇಯಿಸಿ ಎಡೆಯಿಟ್ಟರು. ಬೀದಿಯ ಹೆಂಗಸರು ಬಂದು ಅತ್ತೆಯ ಕಾಲಿಗೆ ಬಿದ್ದರು. "ಕಾಲ್ ಬಿಡ್ರೇ, ಹೊಲಿಗೆ ಎಳೀತದೆ" ಎಂದು ಅತ್ತೆ ಬೈದರು. ಅದಕ್ಕೂ ಭಕ್ತಿಯಿಂದ ನಕ್ಕರು.

ಅತ್ತೆ ಆಮೇಲೆ ಮಲಗಿ ನಿದ್ದೆ ಮಾಡಿದ್ದನ್ನು ನಾನು ಕಾಣಲಿಲ್ಲ. ಗೋಡೆಗೊರಗಿ ಕೂತೇ ಕಣ್ಣು ಮುಚ್ಚುತ್ತಿದ್ದರು. ಮುಚ್ಚಿದ ಮೇಲೆ ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿಕೊಳ್ಳುತ್ತಿದ್ದರು... ಈಗಲೂ ಕೆಲವು ದಿನ ನಿದ್ದೆ ಹತ್ತುವ ಮುಂಚೆ ನನ್ನ ಬೆರಳು ತಾನಾಗಿ ಅಲುಗುತ್ತದೆ.

ವರ್ಷ ತುಂಬುವುದರೊಳಗೆ ಹೊಲಿಗೆಯ ಜಾಗ ಒಳಗಿನಿಂದ ಬಿಟ್ಟುಕೊಂಡಿತು. ಚರ್ಮದಡಿಯಲ್ಲಿ ಕರುಳು ಉಬ್ಬಿ ಬರುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು ಇನ್ನೊಂದರಲ್ಲಿ ರಾಟೆ ತಿರುಗಿಸುತ್ತಿದ್ದರು. ಮತ್ತೊಮ್ಮೆ ಆಪರೇಷನ್ ಮಾಡಲೇಬೇಕು, ಕರುಳು ಸಿಕ್ಕಿಕೊಂಡರೆ ಪ್ರಾಣ ಉಳಿಯುವುದಿಲ್ಲ ಎಂದರು ಡಾಕ್ಟರು. ಗಾಯ ಹೊಟ್ಟೆಯ ಮೇಲ್ಭಾಗದಲ್ಲಿ ಇದ್ದುದರಿಂದ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸಿದರೆ ಸಾಲುತ್ತಿರಲಿಲ್ಲ, ಪೂರ್ತಿ ಮತ್ತು ಕೊಡದೆ ಆಗುವಂತಿರಲಿಲ್ಲ. ಅತ್ತೆ ಒಪ್ಪಲಿಲ್ಲ. "ಆ ಮಾತಾಡಿದವ್ರನ್ನ ಒಂದ್ಸಲ ನೋಡ್ಬೇಕು. ನೀ ಬಾ ಕಣ್ಣು" ಎಂದರು.

ಆಪರೇಷನ್ನಿನಲ್ಲಿ ತಲೆಯ ಹಿಂದೆ ಕೂರುವವರು ಮತ್ತು ಕೊಡುವ ಡಾಕ್ಟರು, ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೈಸೂರಿನ ಕಡೆಯವರು, ಮೀಸೆ ಬಿಟ್ಟಿದ್ದ ಚಿಕ್ಕ ವಯಸ್ಸಿನವರು. ತಡವರಿಸುವ ತಮಿಳಿನಲ್ಲಿ ಏನು ತೊಂದರೆ ಎಂದು ಕೇಳಿದರು. ಅತ್ತೆ ಉತ್ತರ ಕೊಡದೆ ಅವರೆಕಾಯಿಯ ಮಾತನ್ನು ಅವರದೇ ರಾಗದಲ್ಲಿ ಹೇಳಿದರು. ಸಿಸ್ಟರ್ ಎಂಬುದನ್ನೂ ಬಿಡದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಕನ್ನಡದಲ್ಲಿ ಕೇಳಿದರು. "ನೋವೂ ಆಯ್ತಾ?"

"ನೋವು ಇತ್ತು. ಅದು ಹೋಗ್ಲಿ ಸಾಮಿ, ಕೂಗಕ್ಕೆ ಆಗ್ಲಿಲ್ಲ."

"ನೀವು ಎಚ್ಚರವಾಗಿದ್ರಿ," ಎಂದರು ಅವರು. "ಅದು ಕನಸಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ಆ ಮುಖವನ್ನು ಬರೆಯಲು ನನಗೆ ಬಾರದು.

ಡಾಕ್ಟರು ನನಗೂ ಅರ್ಥವಾಗುವಂತೆ ಬಿಡಿಸಿ ಹೇಳಿದರು. ನಿದ್ದೆ ತರುವ ಔಷಧ ಒಂದು, ಮೈಯ ಸ್ನಾಯು ಸಡಿಲಿಸುವ ಔಷಧ ಇನ್ನೊಂದು. ಮೊದಲನೆಯದು ಸಾಲದೆ ಹೋಗಿ ಎರಡನೆಯದು ಉಳಿದುಬಿಟ್ಟರೆ, ಎಚ್ಚರವಿರುವವರೂ ಕಲ್ಲಿನಂತೆ ಬಿದ್ದಿರುತ್ತಾರೆ. ಹೊರದೇಶದಲ್ಲಿ ಯಾರೋ ಒಂದು ಉಪಾಯ ಮಾಡಿದ್ದಾರೆ, ಓದಿದ್ದೇನೆ ಎಂದರು. ಬಿಪಿ ನೋಡುವ ಪಟ್ಟಿಯನ್ನು ಮೊದಲೇ ತೋಳಿಗೆ ಬಿಗಿದರೆ ಸಡಿಲಿಸುವ ಔಷಧ ಆ ಕೈಗೆ ಇಳಿಯುವುದಿಲ್ಲ. ಆ ಕೈ ಅಲುಗಾಡಬಲ್ಲದು. "ನಾನು ನಿಮ್ಮ ಕೈ ಹಿಡ್ಕೊಂಡೇ ಇರ್ತೀನಮ್ಮ. ಏನಾದ್ರೂ ಕೇಳಿಸಿದ್ರೆ ಅಮುಕಿ."

ಅತ್ತೆ ಒಪ್ಪಿದರು. ಬಸ್ ನಿಲ್ದಾಣದ ತನಕ ನಗುತ್ತಲೇ ಬಂದರು. "ನಮ್ಮ ಸೊಸೆಗೆ ಹೇಳು, ಸಾಮಿಗೆ ಮೀಸೆ ಇದೆ ಅಂತ." ನಾನು ಹೇಳಿದೆ. ಸೊಸೆ ಸ್ವಲ್ಪವೂ ಅಲುಗಲಿಲ್ಲ. "ಚೌಡಮ್ಮ ಡಾಕ್ಟರ್ ಬಾಯಲ್ಲಿ ಬಂದವ್ಳೆ. ಅದ್ರಲ್ಲೇನು?"

ಆಪರೇಷನ್ನಿನ ದಿನ ಹೊರಗಿನ ಬೆಂಚಿನಲ್ಲಿ ಅತ್ತೆಯ ಮಗ, ನಾನು ಕೂತಿದ್ದೆವು. ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತಾಗಿತ್ತಷ್ಟೇ. ಬಾಗಿಲು ತೆರೆಯಿತು. ಹಸಿರು ನಿಲುವಂಗಿಯಲ್ಲಿ, ಹೊಟ್ಟೆಯನ್ನು ಒತ್ತಿ ಹಿಡಿದು, ಅತ್ತೆ ನಡೆದು ಬರುತ್ತಿದ್ದರು. ಹಿಂದೆಯೇ ನರ್ಸು ಕೂಗುತ್ತಾ ಬಂದಳು.

"ಅವ್ರಿಲ್ಲ ಕಣ್ಣು. ಬಾ, ಮನೆಗೋಗಾಣ."

ಆ ಡಾಕ್ಟರು ಕೆಲಸ ಬಿಟ್ಟು ಊರಿಗೆ ಹೊರಟುಹೋಗಿದ್ದರು. ಹೆಂಡತಿಗೆ ಇಲ್ಲಿ ಒಗ್ಗಲಿಲ್ಲವಂತೆ. ನಮಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳಬೇಕು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಟೇಬಲ್ಲಿನ ಮೇಲಿನಿಂದ ಕೈ ಚಾಚಿದ್ದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಹೊಸಬರು, ಭಯಪಡಬೇಡಿ, ಎಲ್ಲ ಸರಿಹೋಗುತ್ತದೆ ಎಂದು ತಮಿಳಿನಲ್ಲಿ ಹೇಳಿ, ಚಾಚಿದ ಕೈಯನ್ನು ಪಕ್ಕದ ಹಲಗೆಗೆ ಕಟ್ಟಲು ಹೋಗಿದ್ದರು. ಅವರು ಮಾಡಿದ್ದು ಎಲ್ಲರಿಗೂ ಮಾಡುವುದನ್ನೇ. ನಾನು ಒಳಗೆ ಹೋಗಿ ತೋಳಿನ ಪಟ್ಟಿಯ ವಿಷಯ ಹೇಳಿದೆ. ಅವರು ಸಹನೆಯಿಂದಲೇ ಕೇಳಿಸಿಕೊಂಡರು. ಅಂಥದ್ದು ನಡೆಯುವುದಿಲ್ಲ, ಹೆದರಿದವರು ಹಾಗೆ ಹೇಳುತ್ತಾರೆ ಎಂದರು. ಅತ್ತೆ ಅಷ್ಟರಲ್ಲಿ ತಮ್ಮ ಸೀರೆ ಉಟ್ಟುಕೊಂಡಾಗಿತ್ತು.

ಆ ಮೇಲೆ ಎಷ್ಟು ಬೇಡಿದರೂ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ನಾನು ಮೈಸೂರಿಗೆ ಬಂದೆ. ರಜೆಗೆ ಹೋದಾಗ ಎದುರು ಜಗಲಿಯಲ್ಲಿ ರಾಟೆ ಇರಲಿಲ್ಲ. ಕರುಳು ಸಿಕ್ಕಿಕೊಂಡಿತ್ತು. ನೋವನ್ನು ಮಗನಿಗೂ ತಿಳಿಯದಂತೆ ಬಚ್ಚಿಟ್ಟಿದ್ದರಂತೆ. ತಿಳಿದು ಎತ್ತಿಕೊಂಡು ಹೋಗುವಷ್ಟರಲ್ಲಿ...

ಈಗ ನಮ್ಮ ಗ್ರಂಥಾಲಯಕ್ಕೆ ಬರುವ ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ಮೇಲೆ ಲೇಖನಗಳು ಕಾಣಸಿಗುತ್ತಿವೆ. ಮತ್ತಿನಲ್ಲಿದ್ದವರಿಗೆ ಎಚ್ಚರವಿತ್ತೇ ಎಂದು ಆಮೇಲೆ ಅವರನ್ನೇ ಕೇಳಬೇಕು, ಕೇಳಿ ನಂಬಬೇಕು ಎಂಬ ವಾದ ಅಲ್ಲಿದೆ. ಅದು ನನ್ನ ವಿಷಯವಲ್ಲ. ಆದರೂ ಓದುತ್ತೇನೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಎದುರುಮನೆಯಲ್ಲಿ ಅತ್ತೆಯ ಫೋಟೋ ದೇವಿಯ ಪಕ್ಕದಲ್ಲಿದೆ. ಹೊಸದಾಗಿ ಮದುವೆಯಾಗಿ ಬಂದ ನೆಂಟರ ಹುಡುಗಿಗೆ ಸೊಸೆ ಹೇಳುತ್ತಿದ್ದಳು, ಚೌಡಮ್ಮ ನಮ್ಮ ಅತ್ತೆಯ ಹತ್ತಿರ ಮಾತಾಡಿದಳು ಎಂದು. ನಾನು ಸಾಮಾನ್ಯವಾಗಿ ಇಂಥಲ್ಲಿ ಬಾಯಿ ಹಾಕುವವಳಲ್ಲ. ಅಂದು ಹಾಕಿದೆ. "ಅದು ಚೌಡಮ್ಮ ಅಲ್ಲ ಅಕ್ಕ, ಡಾಕ್ಟರು. ಅತ್ತೆ ಎಚ್ಚರವಾಗಿದ್ರು. ಅವ್ರು ಅದನ್ನೇ ಹೇಳ್ತಾ ಇದ್ರು."

ಸೊಸೆ ನಕ್ಕು ಆ ಹುಡುಗಿಯ ಕಡೆ ನೋಡಿದಳು. "ಇವ್ಳು ರೊಂಬ ಓದಿದವ್ಳು, ಹಂಗೇ ಹೇಳ್ತಾಳೆ. ನೀ ಕುಂಕುಮ ತಗೋ."

ಅತ್ತೆಯ ಮಾತನ್ನು ಇದ್ದ ಹಾಗೆಯೇ ನಂಬಿದವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬರು ಆ ಡಾಕ್ಟರು, ಇದೇ ಮೈಸೂರಿನಲ್ಲಿ ಇದ್ದರೂ ಇರಬಹುದು. ತಾವು ಕೊಟ್ಟಿದ್ದ ಮಾತಿನಂತೆ ತಮ್ಮ ಬದಲಿಗೆ ಬೇರೆ ಯಾರೋ ಆ ಕೈ ಹಿಡಿದಿರುತ್ತಾರೆ, ಆ ಹೆಂಗಸು ಗುಣವಾಗಿ ಮನೆಗೆ ಹೋಗಿರುತ್ತಾರೆ ಎಂದೇ ಅವರು ಅಂದುಕೊಂಡಿರಬೇಕು.